ಯೀಸ್ಟ್ ಬಾಟಲಿಗೆ ಮುಚ್ಚಳದ ಕಿಟ್: ಕಾಸರಗೋಡಿನ ಸೆಕೆಯಲ್ಲಿ ಕಂಡ ಗುಣದೋಷ

ಅಕ್ವೇರಿಯಂನಲ್ಲಿ ಗಿಡ ಬೆಳೆಸುವವರಿಗೆ ಕಾರ್ಬನ್ ಡೈಆಕ್ಸೈಡ್ ಒದಗಿಸುವ ಅತಿ ಅಗ್ಗದ ದಾರಿ ಎಂದರೆ ಸಕ್ಕರೆ, ಯೀಸ್ಟ್ ಮತ್ತು ಒಂದು ಖಾಲಿ ಸೋಡಾ ಬಾಟಲಿ. ಮುಚ್ಚಳಕ್ಕೆ ತೂತು ಕೊರೆದು ಅಂಟಿನಿಂದ ಕೊಳವೆ ಕೂರಿಸುವ ಹಳೆಯ ಕ್ರಮದಲ್ಲಿ ತೊಟ್ಟಿಗೆ ಸೇರುವ ಅನಿಲಕ್ಕಿಂತ ಸೋರಿಹೋಗುವುದೇ ಹೆಚ್ಚು, ಏಕೆಂದರೆ ಆ ಮುಚ್ಚಳಗಳ ನುಣುಪಾದ ಪ್ಲಾಸ್ಟಿಕ್ಕಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಈ ತೊಡಕಿಗೆ ಪರಿಹಾರವೆಂದು ಕಾಸರಗೋಡು ಪೇಟೆಯ ಅಕ್ವೇರಿಯಂ ಅಂಗಡಿಯೊಂದರಿಂದ ತಂದ ಮುಚ್ಚಳದ ಕಿಟ್ಟನ್ನು ಬೇಸಿಗೆ, ಮಳೆಗಾಲ ಎರಡರಲ್ಲೂ ಬಳಸಿ ನೋಡಿದ್ದೇನೆ. ನನ್ನ ತೊಟ್ಟಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ್ದು. ಅಂಚಿನವರೆಗೆ ತುಂಬಿದರೆ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ.

ಪೆಟ್ಟಿಗೆಯಲ್ಲಿ ಎರಡು ತಿರುಪು ಮುಚ್ಚಳ, ಒತ್ತಡ ತೋರಿಸುವ ಗೇಜ್, ಅನಿಲದ ಹರಿವನ್ನು ಹೆಚ್ಚುಕಡಿಮೆ ಮಾಡುವ ಸೂಜಿ ವಾಲ್ವ್, ಒಂದೇ ದಿಕ್ಕಿಗೆ ಹರಿಯಗೊಡುವ ಚೆಕ್ ವಾಲ್ವ್, ಕೊಳವೆ ಮತ್ತು ಅನಿಲವನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ಸೆರಾಮಿಕ್ ಡಿಫ್ಯೂಸರ್ ಇವೆ. ಮುಚ್ಚಳಗಳ ಬಗ್ಗೆ ನನಗೆ ಮೆಚ್ಚುಗೆಯಷ್ಟೇ ಇದೆ. ಒಳಗಿನ ರಬ್ಬರ್ ವಾಷರ್ ದಪ್ಪವಾಗಿದ್ದು, ಬಿಗಿಯಾಗಿ ತಿರುಗಿಸಿ ಸುತ್ತಲೂ ಸೋಪಿನ ನೊರೆ ಹಚ್ಚಿದರೆ ಒಂದು ಗುಳ್ಳೆಯೂ ಏಳುವುದಿಲ್ಲ. ಕುಡಿಯುವ ನೀರಿನ ತೆಳು ಬಾಟಲಿಗಾಗಲೀ ಗಾಜಿನ ಬಾಟಲಿಗಾಗಲೀ ಇದನ್ನು ಹಾಕಲೇಬಾರದು. ಒತ್ತಡ ತಾಳುವುದಕ್ಕೆಂದೇ ತಯಾರಾದ ಸೋಡಾ ಬಾಟಲಿಯೇ ಬೇಕು.

ಆಕ್ಷೇಪವಿರುವುದು ಸೂಜಿ ವಾಲ್ವಿನ ವಿಷಯದಲ್ಲಿ. ಈ ಕಿಟ್ ತಯಾರಾಗಿರುವುದು ಒಂದು ಬಾಟಲಿಯಲ್ಲಿ ಸಿಟ್ರಿಕ್ ಆಮ್ಲ, ಇನ್ನೊಂದರಲ್ಲಿ ಅಡುಗೆ ಸೋಡಾ ತುಂಬಿ ಅನಿಲ ಪಡೆಯುವುದಕ್ಕಾಗಿ. ಅಲ್ಲಿ ವಾಲ್ವ್ ಮುಚ್ಚಿದರೆ ಆಮ್ಲ ಅಡುಗೆ ಸೋಡಾದ ಬಾಟಲಿಗೆ ಹರಿಯುವುದು ನಿಲ್ಲುತ್ತದೆ, ಹೊಸದಾಗಿ ಅನಿಲ ಹುಟ್ಟುವುದೂ ನಿಲ್ಲುತ್ತದೆ. ಯೀಸ್ಟ್ ಜೀವಂತ ವಸ್ತು. ವಾಲ್ವ್ ಮುಚ್ಚಿದರೂ ಅದು ಸಕ್ಕರೆ ತಿನ್ನುತ್ತಲೇ ಇರುತ್ತದೆ, ಬಾಟಲಿಯೊಳಗೆ ಒತ್ತಡ ಏರುತ್ತಲೇ ಹೋಗುತ್ತದೆ. ಆದ್ದರಿಂದ ಯೀಸ್ಟ್ ಹಾಕುವವರು ವಾಲ್ವನ್ನು ಪೂರ್ತಿ ತೆರೆದಿಟ್ಟು, ಅನಿಲದ ಪ್ರಮಾಣವನ್ನು ಮಿಶ್ರಣದಿಂದಲೇ ಹದಗೊಳಿಸಬೇಕು. "ಯೀಸ್ಟಿಗೂ ಆಗುತ್ತದೆ" ಎಂದು ಅಂಗಡಿಯವರು ಹೇಳುವಾಗ ಇಷ್ಟನ್ನೂ ಸೇರಿಸಿ ಹೇಳುವುದು ಅವರ ಹೊಣೆ. ಜೋಡಣೆಯನ್ನೂ ಬದಲಿಸಿಕೊಳ್ಳಬೇಕಾಗುತ್ತದೆ: ಯೀಸ್ಟ್ ಬಾಟಲಿಯಲ್ಲಿ ಕೊಳವೆಯ ತುದಿ ದ್ರವಕ್ಕಿಂತ ಸಾಕಷ್ಟು ಮೇಲಿರಬೇಕು, ಎರಡನೆಯ ಬಾಟಲಿಯಲ್ಲಿ ಅರ್ಧದಷ್ಟು ಬರಿಯ ನೀರು ತುಂಬಿ ಉದ್ದ ಕೊಳವೆ ಅದರಲ್ಲಿ ಮುಳುಗಿರಬೇಕು, ನಡುವಿನ ಚೆಕ್ ವಾಲ್ವಿನ ಬಾಣ ಆ ನೀರಿನ ಬಾಟಲಿಯತ್ತ ಮುಖ ಮಾಡಿರಬೇಕು. ಹೀಗಿದ್ದರೆ ಉಕ್ಕಿದ ನೊರೆ ತೊಟ್ಟಿಗೆ ಹೋಗದೆ ಅಲ್ಲೇ ಉಳಿಯುತ್ತದೆ, ಗುಳ್ಳೆಗಳೂ ಕಣ್ಣಿಗೆ ಕಾಣುತ್ತವೆ.

ಮಿಶ್ರಣಕ್ಕೆ ಒಂದು ಲೀಟರ್ ನೀರು, 200 ಗ್ರಾಂ ಸಕ್ಕರೆ, ಚಿಟಿಕೆ ಅಡುಗೆ ಸೋಡಾ ಮತ್ತು ಕಾಲು ಚಮಚ ಬ್ರೆಡ್ ಯೀಸ್ಟ್ ಸಾಕು. ಸಕ್ಕರೆಯ ತೂಕದ ಸುಮಾರು ಅರ್ಧ ಭಾಗ ಅನಿಲವಾಗುತ್ತದೆ, ಉಳಿದರ್ಧ ಮದ್ಯಸಾರವಾಗಿ ನೀರಿನಲ್ಲೇ ನಿಂತು ಕೊನೆಗೆ ಯೀಸ್ಟನ್ನೇ ಕೊಲ್ಲುತ್ತದೆ. ತಣ್ಣನೆಯ ಊರುಗಳಲ್ಲಿ ಎರಡು ಮೂರು ವಾರ ಬಾಳುವ ಇಂಥ ಬಾಟಲಿ ನಮ್ಮ ಏಪ್ರಿಲ್ ತಿಂಗಳ ಸೆಕೆಯಲ್ಲಿ ಮೊದಲ ದಿನಗಳಲ್ಲೇ ರಭಸದಿಂದ ಅನಿಲ ಕಾರಿ ಬೇಗ ಸೊರಗುತ್ತದೆ. ಯೀಸ್ಟನ್ನು ಇನ್ನೂ ಕಡಿಮೆ ಮಾಡುವುದು ಒಂದು ಉಪಾಯ. ಅದಕ್ಕಿಂತ ಒಳ್ಳೆಯದು ಸಕ್ಕರೆಯನ್ನು ಹೆಪ್ಪುಗಟ್ಟಿಸಿ ಇಡುವುದು. ಹಲವರು ಇದಕ್ಕೆ ಜೆಲಾಟಿನ್ ಹೇಳುತ್ತಾರಾದರೂ ಅದು ನಮ್ಮ ಮಧ್ಯಾಹ್ನದ ಬಿಸಿಗೇ ಕರಗಿಬಿಡುತ್ತದೆ. ಪುಡ್ಡಿಂಗಿಗೆ ಬಳಸುವ ಚೈನಾ ಗ್ರಾಸ್ ಒಮ್ಮೆ ಹೆಪ್ಪುಗಟ್ಟಿದರೆ ಸುಮಾರು 85 ಡಿಗ್ರಿಯವರೆಗೆ ಕರಗುವುದಿಲ್ಲ. ಸಕ್ಕರೆ ನೀರಿನಲ್ಲಿ ಚೈನಾ ಗ್ರಾಸ್ ಕುದಿಸಿ, ಸ್ವಲ್ಪ ಆರಿದ ಮೇಲೆ ಬಾಟಲಿಯ ತಳಕ್ಕೆ ಸುರಿದು, ಗಟ್ಟಿಯಾದ ನಂತರ ಮೇಲೆ ಯೀಸ್ಟ್ ನೀರು ಹೊಯ್ದರೆ ಸಕ್ಕರೆ ನಿಧಾನವಾಗಿ ಬಿಡುಗಡೆಯಾಗಿ ಗುಳ್ಳೆಗಳ ಓಟ ಒಂದೇ ಸಮನಾಗುತ್ತದೆ. ಬೆಲ್ಲವೂ ಆಗುತ್ತದೆ, ಆದರೆ ನೊರೆ ಹೆಚ್ಚು.

ನಮ್ಮ ನೀರಿನ ಸ್ವಭಾವವನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಮುರಕಲ್ಲಿನ ನೆಲದ ಬಾವಿ ಮತ್ತು ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳ ನೀರು ಬಹಳ ಮೃದು. ಕಾರ್ಬೊನೇಟ್ ಗಡಸುತನ, ಅಂದರೆ ನೀರು ಆಮ್ಲೀಯವಾಗದಂತೆ ತಡೆಯುವ ಗುಣ, 4 ಡಿಗ್ರಿ ಇರುವ ನೀರಿನಲ್ಲಿ 30 ಪಿಪಿಎಂ (ಲೀಟರಿಗೆ 30 ಮಿಲಿಗ್ರಾಂ) ಅನಿಲ ಕರಗಿದಾಗ ಪಿಎಚ್ ಸುಮಾರು 6.6ಕ್ಕೆ ನಿಂತರೆ, 1 ಡಿಗ್ರಿಯ ನೀರಿನಲ್ಲಿ ಅದು 6.0ಕ್ಕೆ ಇಳಿಯುತ್ತದೆ. ಫಿಲ್ಟರಿನಲ್ಲಿ ಒಂದು ಹಿಡಿ ತೊಳೆದ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು ಇಟ್ಟರೆ ಗಡಸುತನ ಮೆಲ್ಲನೆ ಏರುತ್ತದೆ. ಕರಗಿದ ಅನಿಲದ ಪ್ರಮಾಣವನ್ನು ದ್ರವದ ಬಣ್ಣದಿಂದ ತೋರಿಸುವ ಡ್ರಾಪ್ ಚೆಕರ್ ಕಿಟ್ಟಿನಲ್ಲಿ ಬರುವುದಿಲ್ಲ, ಬೇರೆಯೇ ಕೊಳ್ಳಬೇಕು. ಅದರ ದ್ರವ ಹಸಿರಾಗಿದ್ದರೆ ಸರಿ, ಹಳದಿಗೆ ತಿರುಗಿದರೆ ಅನಿಲ ಅತಿಯಾಗಿದೆ.

ಇಡೀ ವ್ಯವಸ್ಥೆಗೆ ವಿದ್ಯುತ್ ಬೇಡವೆಂಬುದನ್ನು ಗುಣವೆಂದು ಹೇಳುವುದುಂಟು. ಜೂನ್, ಜುಲೈ ತಿಂಗಳ ಗಾಳಿಮಳೆಗೆ ಕರೆಂಟು ಹೋದಾಗ ಅದೇ ಅಪಾಯವಾಗುತ್ತದೆ. ದೀಪ ಆರಿದ್ದರಿಂದ ಗಿಡಗಳು ಅನಿಲ ಹೀರುವುದಿಲ್ಲ, ಏರ್ ಪಂಪ್ ನಿಂತಿರುತ್ತದೆ, ಬಾಟಲಿ ಮಾತ್ರ ಬಿಡದೆ ಗುಳ್ಳೆ ಕಳುಹಿಸುತ್ತಿರುತ್ತದೆ. ಮೀನುಗಳು ಮೇಲೆ ಬಂದು ಬಾಯಿ ತೆರೆಯುವವರೆಗೆ ಕಾಯದೆ, ಕೊಳವೆಯನ್ನು ತೊಟ್ಟಿಯಿಂದ ಹೊರಗೆ ತೆಗೆದಿಡಬೇಕು. ಕರೆಂಟು ಇರುವ ರಾತ್ರಿಗಳಲ್ಲಿ ಏರ್ ಪಂಪ್ ಓಡಿಸಿದರೆ ಸಾಕು.

ಕಿಟ್ಟಿನ ಕೊಳವೆ ಸಿಲಿಕೋನಿನದು. ಅದರ ಗೋಡೆಯ ಮೂಲಕವೇ ಅನಿಲ ನುಸುಳಿ ಹೋಗುವುದರಿಂದ ಪಾಲಿಯುರಿಥೇನ್ ಕೊಳವೆ ಹಾಕಿಕೊಳ್ಳುವುದು ಲೇಸು. ಸೆರಾಮಿಕ್ ಡಿಫ್ಯೂಸರಿಗೆ ಒತ್ತಡ ಹೆಚ್ಚು ಬೇಕು, ಯೀಸ್ಟ್ ಸೊರಗುತ್ತಿದ್ದಂತೆ ಅದು ಸುಮ್ಮನಾಗುತ್ತದೆ. ಕೊಳವೆಯ ತುದಿಯನ್ನು ಒಳಗಿನ ಫಿಲ್ಟರ್ ನೀರೆಳೆಯುವ ಬಾಯಿಗೆ ಇಟ್ಟಾಗ ಕೊನೆಯ ಗುಳ್ಳೆಯವರೆಗೂ ನನಗೆ ಉಪಯೋಗ ಸಿಕ್ಕಿದೆ.

ಎರಡು ಅಡಿಯ ತೊಟ್ಟಿಯವರು ಸಾವಿರ ರೂಪಾಯಿಯೊಳಗೆ ಸಿಕ್ಕರೆ ಈ ಕಿಟ್ಟನ್ನು ಮುಚ್ಚಳಗಳಿಗಾಗಿ ಧೈರ್ಯವಾಗಿ ಕೊಳ್ಳಬಹುದು. ನೂರು ಲೀಟರ್ ಮೀರಿದ ತೊಟ್ಟಿ ಇರುವವರು ಆ ಹಣವನ್ನು ಸಿಲಿಂಡರಿಗೆ ಕೂಡಿಡಲಿ. ಕೊಳ್ಳುವಾಗ ಬಿಡಿ ವಾಷರ್ ಸಿಗುತ್ತದೆಯೇ ಎಂದು ಕೇಳಿ ನೋಡಿ. ಮೊದಲು ಸವೆಯುವುದು ಅದೇ.