ಸೀಲ್ ಒಡೆಯದ ಹಳೇ ಡ್ರ್ಯಾಗ್‌ಸ್ಟರ್ ಕಿಟ್ ಕೊಳ್ಳುವ ಮುಂಚೆ ಇದನ್ನು ಓದಿ

ಡ್ರ್ಯಾಗ್‌ಸ್ಟರ್, ಅಂದರೆ ನೇರ ಹಾದಿಯಲ್ಲಿ ಓಡುವ ಡ್ರ್ಯಾಗ್ ರೇಸಿನ ಕಾರು, ಅದರ ಮಾಡೆಲ್ ಕಟ್ಟುವ ಹಳೇ ಪ್ಲಾಸ್ಟಿಕ್ ಕಿಟ್ ಹುಡುಕುತ್ತಿದ್ದೀರಾ? ಮಾರುವವರು "ಫ್ಯಾಕ್ಟರಿ ಸೀಲ್, ಒಮ್ಮೆಯೂ ತೆರೆದಿಲ್ಲ" ಅಂತ ಬರೆದಿದ್ದರೆ ದುಡ್ಡು ಕಳಿಸುವ ಮುಂಚೆ ಸ್ವಲ್ಪ ತಡೆಯಿರಿ. ಆ ಮಾತು ಸುಳ್ಳೇ ಆಗಿರಬೇಕು ಅಂತಿಲ್ಲ. ನನಗೆ ಮಾರಿದವರೂ ಸುಳ್ಳು ಹೇಳಿರಲಿಲ್ಲ. ಪೆಟ್ಟಿಗೆ ನಿಜಕ್ಕೂ ತೆರೆದಿರಲಿಲ್ಲ, ತೊಂದರೆ ಆಗಿದ್ದೇ ಅದರಿಂದ.

ನಾನು ತರಿಸಿದ್ದು 1/25 ಅಳತೆಯ ಫ್ರಂಟ್ ಎಂಜಿನ್ ಡ್ರ್ಯಾಗ್‌ಸ್ಟರ್. ಎಂಜಿನ್ ಮುಂದೆ, ಅದರ ಬೆನ್ನಿಗೆ ಚಾಲಕ, ಅವನು ಕೂರುವುದು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ. 1970ರಲ್ಲಿ ಡ್ರ್ಯಾಗ್ ರೇಸರ್ ಡಾನ್ ಗಾರ್ಲಿಟ್ಸ್ ಅವರ ಇಂಥದೇ ಕಾರಿನ ಟ್ರಾನ್ಸ್‌ಮಿಷನ್ ಸಿಡಿದು ಅವರ ಪಾದದ ಒಂದು ಭಾಗವೇ ಹೋಯಿತು. ಮರುವರ್ಷ ಅವರು ಎಂಜಿನ್ ಹಿಂದಿಟ್ಟ ಕಾರಿನಲ್ಲಿ ಗೆಲ್ಲತೊಡಗಿದ ಮೇಲೆ ಈ ಹಳೇ ಮಾದರಿ ಬೇಗ ಮೂಲೆ ಸೇರಿತು. ಆದರೆ ಮಾಡೆಲ್ ಕಟ್ಟುವವರಿಗೆ ಇದರ ಮೇಲಿನ ಮೋಹ ಇನ್ನೂ ಹೋಗಿಲ್ಲ. ಮಾರುವವರಿಗೂ ಅದು ಚೆನ್ನಾಗಿ ಗೊತ್ತು.

ಪೆಟ್ಟಿಗೆ ತೆರೆದೆ. ಹಿಂದಿನ ದಪ್ಪ ಸ್ಲಿಕ್ (ಗೀರುಗಳಿಲ್ಲದ ನುಣುಪು) ಟೈರು ಚಾಸಿಯ, ಅಂದರೆ ಕಾರಿನ ಚೌಕಟ್ಟಿನ, ಮೇಲೆ ಮಲಗಿತ್ತು. ಟೈರ್ ಎತ್ತಿದರೆ ಚಾಸಿಯೂ ಜೊತೆಗೇ ಎದ್ದು ಬಂತು! ಮೆಲ್ಲಗೆ ಬಿಡಿಸಿ ನೋಡಿದರೆ ಚಾಸಿಯ ಒಂದು ಬದಿಯ ಉದ್ದನೆಯ ಕಡ್ಡಿಯಲ್ಲಿ ಬಿಲ್ಲಿನಾಕಾರದ ಹಳ್ಳ. ಹಳ್ಳದ ಒಳಗೆ ಪ್ಲಾಸ್ಟಿಕ್ ಹೊಳೆಯುತ್ತಿತ್ತು, ಕೈಗೆ ಅಂಟುತ್ತಿತ್ತು, ಉಗುರು ಒತ್ತಿದರೆ ಇಳಿಯುತ್ತಿತ್ತು.

ಇದಕ್ಕೆ ಕಾರಣ ಸರಳ. ಕಿಟ್‌ನ ಭಾಗಗಳು ಪಾಲಿಸ್ಟೈರೀನ್, ಹಳೇ ಕಿಟ್‌ಗಳ ಟೈರು ಬಹುಪಾಲು ಮೆತ್ತನೆಯ ವಿನೈಲ್. ವಿನೈಲ್ ಮೆತ್ತಗಿರಲಿ ಅಂತ ಅದಕ್ಕೆ ಪ್ಲಾಸ್ಟಿಸೈಸರ್ ಬೆರೆಸಿರುತ್ತಾರೆ. ವರ್ಷಗಳು ಕಳೆದಂತೆ ಅದು ಹೊರಗೆ ಜಿನುಗಿ, ತಾಗಿದ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಸೆಕೆ ಇದ್ದರೆ ಇನ್ನೂ ಬೇಗ. ಸೀಲ್ ಒಡೆಯದ ಪೆಟ್ಟಿಗೆಯಲ್ಲಿ ಟೈರನ್ನು ಬೇರೆ ಎತ್ತಿಡುವವರು ಯಾರು? ಡ್ರ್ಯಾಗ್‌ಸ್ಟರ್‌ಗೆ ಪೆಟ್ಟು ಜಾಸ್ತಿ ಬೀಳುವುದೂ ಇದಕ್ಕೇ. ಟೈರು ದೊಡ್ಡದು, ಚಾಸಿ ಕಡ್ಡಿಯಷ್ಟು ತೆಳ್ಳಗೆ. ನಿಜವಾದ ಕಾರಿನ ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ) 4 ಮೀಟರ್ ಅಂದರೂ ಈ ಅಳತೆಯಲ್ಲಿ 16 ಸೆಂಟಿಮೀಟರ್ ಉದ್ದಕ್ಕೆ ಚಾಸಿ ನೆಟ್ಟಗಿರಬೇಕು. ಅಂಥ ಕಡ್ಡಿಯಲ್ಲಿ ಹಳ್ಳ ಬಿದ್ದರೆ ಪುಟ್ಟಿ ತುಂಬಿ ಏನೂ ಪ್ರಯೋಜನವಿಲ್ಲ, ಕತ್ತರಿಸಿ ಬೇರೆ ರಾಡ್ ಕೂರಿಸಬೇಕು.

ಡೆಕಾಲ್, ಅಂದರೆ ನೀರಲ್ಲಿ ನೆನೆಸಿ ಮಾಡೆಲ್ ಮೇಲೆ ಅಂಟಿಸುವ ಅಕ್ಷರ, ಅಂಕಿಗಳ ಹಾಳೆ, ಅದರ ಕಥೆ ಬೇರೆ. ಹಾಳೆ ಹಳದಿಯಾಗಿತ್ತು. ಬೇಡದ ಒಂದು ಸಣ್ಣ ಅಂಕಿಯನ್ನು ಕತ್ತರಿಸಿ ನೀರಿಗೆ ಬಿಟ್ಟೆ. ಚೂರು ಚೂರಾಗಿ ತೇಲಿತು. ಉಳಿದ ಹಾಳೆಗೆ ಕ್ಲಿಯರ್ ಲ್ಯಾಕರ್ ಹೊಡೆದು, ಒಣಗಿಸಿ, ಪ್ರತಿ ಅಕ್ಷರವನ್ನೂ ಅಂಚಿಗೆ ಸರಿಯಾಗಿ ಕತ್ತರಿಸಿಕೊಂಡೆ. ಸುಮಾರಾಗಿ ನಿಂತಿತು, ಹಳದಿ ಬಣ್ಣ ಮಾತ್ರ ಹಾಗೇ ಉಳಿಯಿತು.

ಮಾರಿದವರಿಗೆ ಫೋಟೋ ಕಳಿಸಿದೆ. "ನಾನು ಮಾರಿದ್ದು ಸೀಲ್ ಆದ ಪೆಟ್ಟಿಗೆ, ನಿಮಗೆ ಸಿಕ್ಕಿದ್ದೂ ಅದೇ" ಅಂದರು. ಸೀಲ್ ಒಡೆದ ಮೇಲೆ ವಾಪಸ್ ಇಲ್ಲವಂತೆ. ಒಡೆಯದೆ ಒಳಗೇನಾಗಿದೆ ಅಂತ ತಿಳಿಯುವುದು ಹೇಗೆ ಅಂತ ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ.

ನನ್ನ ಪ್ರಕಾರ ಸೀಲ್ ಬೇಕಾದದ್ದು ಪೆಟ್ಟಿಗೆಯನ್ನು ಕಪಾಟಿನಲ್ಲಿ ಇಡುವವರಿಗೆ, ಕಟ್ಟುವವರಿಗಲ್ಲ. ಅದಕ್ಕೆಂದು ಜಾಸ್ತಿ ದುಡ್ಡು ಕೊಡುವುದು ದಂಡ. ಇನ್ನು, ಶ್ರಿಂಕ್ ರ್ಯಾಪ್ ಅನ್ನು ಯಾರು ಬೇಕಾದರೂ ಮತ್ತೆ ಹಾಕಬಹುದು, ಅಲ್ವಾ? ತೆರೆದ ಕಿಟ್ಟನ್ನೇ ಕೇಳಿ. ಟೈರು, ಟೈರಿನ ಅಡಿಯಲ್ಲಿದ್ದ ಭಾಗ, ಡೆಕಾಲ್ ಹಾಳೆ, ಇವುಗಳ ಹತ್ತಿರದ ಫೋಟೋ ತರಿಸಿಕೊಳ್ಳಿ. ಪೆಟ್ಟಿಗೆಯ ಮುಚ್ಚಳದ ಚಿತ್ರವನ್ನೇ ನಾಲ್ಕು ಕಡೆಯಿಂದ ಕಳಿಸುವವರ ಹತ್ತಿರ ವ್ಯವಹಾರ ಬೇಡ. ಅದೇ ಕಿಟ್ ಈಗ ಮತ್ತೆ ತಯಾರಾಗಿ, ಹೊಸ ಡೆಕಾಲ್ ಜೊತೆ ಸಿಗುವುದಾದರೆ ಕಣ್ಣು ಮುಚ್ಚಿ ಅದನ್ನೇ ತೆಗೆದುಕೊಳ್ಳಿ.

ಮನೆಯಲ್ಲಿ ಹಳೇ ಕಿಟ್ ಇದ್ದರೆ ಇವತ್ತೇ ಟೈರನ್ನು ಪ್ರತ್ಯೇಕ ಚೀಲಕ್ಕೆ ಹಾಕಿ ಬೇರೆ ಕಡೆ ಇಡಿ. ಕಟ್ಟಿ ಮುಗಿಸಿದ ಮಾಡೆಲ್‌ಗೂ ಈ ಕಾಟ ತಪ್ಪಿದ್ದಲ್ಲ. ಟೈರ್ ಕೂರಿಸುವ ಮುಂಚೆ ರಿಮ್ಮಿಗೆ ತೆಳು ಲೋಹದ ಫಾಯಿಲ್ ಸುತ್ತಿ. ಡಿಸ್‌ಪ್ಲೇ ಪೆಟ್ಟಿಗೆಯ ತಳ ಪಾಲಿಸ್ಟೈರೀನ್ ಆಗಿದ್ದರೆ ಟೈರಿನ ಅಡಿಗೂ ಒಂದು ತುಂಡು ಫಾಯಿಲ್ ಇಡಿ.