ಮೀನಿನ ತಲೆ, ಕರುಳು: ಹಸಿಯೋ, ಒಣಪುಡಿಯೋ, ಡ್ರಮ್ಮೋ?

ಮೀನು ಕತ್ತರಿಸುವ ಕಡೆ ಉಳಿಯುವ ತಲೆ, ಕರುಳು, ಮುಳ್ಳು ಮಲ್ಪೆಯಿಂದ ನನಗೆ ಹೆಚ್ಚುಕಡಿಮೆ ಪುಕ್ಕಟೆ ಸಿಗುತ್ತದೆ. ನನ್ನ ಪಂಗಾಸಿಯಸ್ ಮೀನಿಗೆ ಅದನ್ನೇ ಮೇವು ಮಾಡೋಣ ಎಂದು ಮೂರು ಹೊಂಡಗಳಲ್ಲಿ ಮೂರು ರೀತಿ ಮಾಡಿ ನೋಡಿದೆ.

ಹಸಿಯಾಗಿ ಕೊಚ್ಚಿ ಹಾಕಿದ್ದನ್ನು ಮೀನುಗಳು ಮುಗಿಬಿದ್ದು ತಿಂದವು. ಆದರೆ ಉಳಿದ ಚೂರು ತಳದಲ್ಲಿ ಕೊಳೆಯಿತು. ಎರಡೇ ವಾರಕ್ಕೆ ನೀರು ನಾರತೊಡಗಿತು, ಮೀನುಗಳು ಮೇವು ಬಿಟ್ಟವು. ಆ ಹೊಂಡದಲ್ಲಿ ಅಲ್ಲಿಗೇ ನಿಲ್ಲಿಸಿದೆ. ಹೀಗೆ ಮಾಡಿ ಎಂದು ಯಾರಿಗೂ ಹೇಳುವುದಿಲ್ಲ.

ಒಣಪುಡಿ ಚೆನ್ನಾಗಿದೆ. ಬೇಯಿಸಿ, ಹಿಂಡಿ, ಬಿಸಿಲಿಗೆ ಹಾಕಿ ಪುಡಿ ಮಾಡಬೇಕು. ಹಸಿ ಮೀನಿನಲ್ಲಿ ಮುಕ್ಕಾಲು ಭಾಗ ನೀರೇ ಅಲ್ವಾ, ನಾಲ್ಕು ಬುಟ್ಟಿ ತಂದರೆ ಒಂದು ಬುಟ್ಟಿಯಷ್ಟು ಉಳಿಯುತ್ತದೆ. ತಲೆ, ಮುಳ್ಳು ಜಾಸ್ತಿ ಇರುವುದರಿಂದ, ಇಡೀ ಮೀನಿನಿಂದ ಮಾಡಿದ ಫಿಶ್‌ಮೀಲ್‌ನಷ್ಟು ಪ್ರೋಟೀನ್ ಇದರಲ್ಲಿ ಇರುವುದಿಲ್ಲ. ಬೂತಾಯಿಯಂಥ ಎಣ್ಣೆ ಮೀನಿನದಾದರೆ ಬೇಗ ಕಮಟು ವಾಸನೆ ಬರುತ್ತದೆ. ಮಳೆ ಶುರುವಾದರೆ ಕೆಲಸವೇ ನಿಂತಿತು.

ನನಗೆ ಒಗ್ಗಿದ್ದು ಡ್ರಮ್, ಅಂದರೆ ಕೊಚ್ಚಿದ ಮೀನನ್ನು ಆಸಿಡ್ ಬೆರೆಸಿ ಡ್ರಮ್ಮಿನಲ್ಲಿ ಇಡುವುದು. ದನಕ್ಕೆ ಜೋಳದ ರಸಮೇವು ಮಾಡುತ್ತೇವಲ್ಲ, ಹಾಗೇ ಇಲ್ಲೂ ಕಾಪಾಡುವುದು ಹುಳಿ. ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್ಡೇ ಸಾಕು. ನಾನು 100 ಕಿಲೋ ಕೊಚ್ಚಿದ ಮೀನಿಗೆ 3 ಕಿಲೋ ಹಾಕುತ್ತೇನೆ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ಕಬ್ಬಿಣವನ್ನು ಆಸಿಡ್ ತಿಂದುಬಿಡುತ್ತದೆ. ಕೈಗವಸು, ಕಣ್ಣಿಗೆ ಕನ್ನಡಕ ಬಿಟ್ಟು ಮುಟ್ಟಲೇಬೇಡಿ. ದಿನಾ ತಿರುವಬೇಕು. ಹುಳಿ ಅಳೆಯುವ ಪಿಎಚ್ ಕಾಗದದಲ್ಲಿ 4ಕ್ಕಿಂತ ಕೆಳಗೆ ತೋರಿಸಬೇಕು. ಮೊದಲ ಸಲ ನಾನು ಸರಿಯಾಗಿ ತಿರುವಲಿಲ್ಲ, ಆಸಿಡ್ ತಾಗದ ನಡುಭಾಗ ಕೊಳೆತು ಡ್ರಮ್ ಪೂರ್ತಿ ಚೆಲ್ಲಬೇಕಾಯಿತು. ಸರಿಯಾಗಿ ಮಾಡಿದರೆ ಕರುಳಿನಲ್ಲಿರುವ ಕಿಣ್ವಗಳೇ ಮಾಂಸವನ್ನು ಕರಗಿಸುತ್ತವೆ. ನಮ್ಮ ಸೆಕೆಗೆ ಕೆಲವೇ ದಿನಗಳಲ್ಲಿ ಗಂಜಿಯಂತೆ ಆಗುತ್ತದೆ, ಆಮೇಲೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ಕರಾವಳಿಯಲ್ಲಿ ಇದರ ಬೆಲೆ ಗೊತ್ತಾಗುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಮೀನೂ ಕಡಿಮೆ, ಬಿಸಿಲೂ ಇಲ್ಲ. ಮೇ ತಿಂಗಳಲ್ಲಿ ತುಂಬಿಸಿಟ್ಟ ಡ್ರಮ್ಮುಗಳೇ ಆ ಎರಡು ತಿಂಗಳು ನನ್ನ ಹೊಂಡ ನಡೆಸಿದವು.

ಮೂರು ತಿಂಗಳಾದ ಮೇಲೆ ಬಲೆ ಹಾಕಿ ತೂಗಿದೆ. ಒಣಪುಡಿಯ ಹೊಂಡಕ್ಕೂ ಡ್ರಮ್ಮಿನ ಹೊಂಡಕ್ಕೂ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಡ್ರಮ್ಮಿಗೆ ಸೌದೆ ಬೇಡ, ನೊಣ ಇಲ್ಲ, ಅಕ್ಕಪಕ್ಕದವರ ದೂರೂ ಇಲ್ಲ. ತೊಂದರೆ ಒಂದೇ: ಅದು ನೀರುನೀರು. ಹಾಗೇ ಸುರಿದರೆ ಹೊಂಡದಲ್ಲಿ ಕರಗಿ ಹೋಗುತ್ತದೆ. ಚಿಟಿಕೆ ಸುಣ್ಣ ಹಾಕಿ ಹುಳಿ ತಗ್ಗಿಸಿ, ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸೇರಿಸಿ ಗಟ್ಟಿ ಉಂಡೆ ಕಟ್ಟಿ ತಟ್ಟೆಯಲ್ಲಿ ಇಳಿಸುತ್ತೇನೆ. ಅರ್ಧ ಗಂಟೆಯ ಮೇಲೆ ತಟ್ಟೆ ಎತ್ತಿ ನೋಡಿ, ಉಳಿದಿದ್ದರೆ ಮರುದಿನ ಅಷ್ಟು ಕಡಿಮೆ ಕೊಡುತ್ತೇನೆ.