ಶಾಸಕರ ಭತ್ಯೆ ಬಿಲ್: ಮಾಹಿತಿ ಹಕ್ಕೋ, ಲೋಕಾಯುಕ್ತವೋ?

ಆಗಿನ ಬಿಬಿಎಂಪಿಯ ಮೇಯರ್ ಚುನಾವಣೆಯಲ್ಲಿ ಮತ ಹಾಕಲು ಬೆಂಗಳೂರು ವಿಳಾಸ, ಪ್ರಯಾಣ ಭತ್ಯೆಗೆ ಬೇರೆ ಊರಿನ ವಿಳಾಸ ಕೊಟ್ಟರು ಎಂದು ಕೆಲವು ವಿಧಾನ ಪರಿಷತ್ ಸದಸ್ಯರ ಮೇಲೆ ಆರೋಪ ಬಂದಾಗ ಜನ ಸಿಟ್ಟಾದರು. ಇಂಥ ಬಿಲ್‌ನ ಬೆನ್ನು ಹತ್ತಲು ದಾರಿ ಎರಡು.

ಮಾಹಿತಿ ಹಕ್ಕು ಅಗ್ಗ. ನಮೂನೆ 'ಎ', 10 ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದೊಳಗೆ. ವಿಧಾನಸಭೆಗೂ ಪರಿಷತ್ತಿಗೂ ಸಚಿವಾಲಯ ಬೇರೆ ಬೇರೆ, ವಿಳಾಸ ತಪ್ಪಿದರೆ ಅರ್ಜಿ ಅಲ್ಲಿಂದಿಲ್ಲಿಗೆ ಅಲೆಯುತ್ತದೆ. 'ಇಷ್ಟು ದುಡ್ಡು ಯಾಕೆ ಕೊಟ್ಟಿರಿ?' ಎಂದು ಕೇಳಬೇಡಿ, ಕಾರಣ ಕೇಳಿದರೆ ತಿರಸ್ಕರಿಸುವುದು ಸುಲಭ. ಸದಸ್ಯರ ಹೆಸರು, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂದು ಬರೆದು, ಭತ್ಯೆ ಬಿಲ್, ಅದರಲ್ಲಿ ತೋರಿಸಿದ ವಾಸದ ವಿಳಾಸ, ಹಾಜರಾತಿ ಪುಟ, ಇವುಗಳ ಪ್ರತಿ ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ವೈದ್ಯಕೀಯ ಬಿಲ್ ಇನ್ನೂ ಕಷ್ಟ: ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಜೆ) ತೋರಿಸಿ 'ವೈಯಕ್ತಿಕ' ಅನ್ನುತ್ತಾರೆ. ಆಗ ಕಲಂ 8(2)ರ ಸಾರ್ವಜನಿಕ ಹಿತಾಸಕ್ತಿ ಹಿಡಿದು ವಾದಿಸಿ.

ಲೋಕಾಯುಕ್ತಕ್ಕೆ ತನಿಖೆಯ ಬಲವಿದೆ, ಆದರೆ ದೂರಿನ ಜೊತೆ ಪ್ರಮಾಣಪತ್ರ (ಅಫಿಡವಿಟ್) ಬೇಕು. ಘಟನೆ ನಡೆದು 5 ವರ್ಷ ದಾಟಿದ್ದರೆ ಆರೋಪದ ದೂರು ನಿಲ್ಲದು. ಸುಳ್ಳು ದೂರಿಗೆ ಶಿಕ್ಷೆಯೂ ಇದೆ. ಪತ್ರಿಕೆಯ ಕತ್ತರಿಕೆ ಮಾತ್ರ ಲಗತ್ತಿಸಿ ದೂರು ಕೊಟ್ಟರೆ ಸಾಲದು.

ಕೈಯಲ್ಲಿ ಬಿಲ್ ಪ್ರತಿ ಇಲ್ಲದಿದ್ದರೆ ಮೊದಲು ಅರ್ಜಿ ಹಾಕಿ. ಎರಡು ವಿಳಾಸ ಎರಡು ಸರ್ಕಾರಿ ಕಾಗದದಲ್ಲಿ ಸಿಕ್ಕ ದಿನವೇ ದೂರು ಬರೆಯಿರಿ.